ಹೋಗುವ ಕರೆಂಟು, ಬರುವ ಕರೆಂಟು

ನಮ್ಮ ಶಾಲೆಗೆ ಹಣೆಪಟ್ಟಿ ಬಂದಾಗ ಎಲ್ಲರಿಗಿಂತ ಹೆಚ್ಚು ಕುಣಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹೊಸದು ಕಂಡರೆ ಮೂಗು ಮುರಿಯುವ ಹಳೇ ಟೀಚರಮ್ಮ ಎಂದುಕೊಂಡುಬಿಡುತ್ತೀರಿ.

ಸರ್ಕಾರಿ ಆದೇಶದಲ್ಲಿ ಅದರ ಹೆಸರು ‘ಗ್ರಹಿಕೆ ಸೂಚಕ’. ಹಣೆಪಟ್ಟಿ ಎಂದದ್ದು ಮಕ್ಕಳು. ಎರಡು ಬೆರಳು ಅಗಲದ ಮೆತ್ತನೆಯ ರಬ್ಬರು. ಒಳಗಡೆ ಚರ್ಮಕ್ಕೆ ತಾಗುವ ತೆಳು ಲೋಹದ ಬಿಲ್ಲೆಗಳು, ಹೊರಗಡೆ ಕಡಲೆಕಾಳಿನಷ್ಟು ದೀಪ. ಮನುಷ್ಯ ಯೋಚಿಸುವಾಗ ಹಣೆಯ ಮೇಲೆ ಬಹಳ ಸಣ್ಣ ವಿದ್ಯುತ್ ಅಲೆಗಳು ಏಳುತ್ತವೆ. ಪಟ್ಟಿ ಆ ಅಲೆಗಳನ್ನು ಹಿಡಿದು, ತನ್ನಲ್ಲಿ ತುಂಬಿಸಿಟ್ಟ ಲಕ್ಷಾಂತರ ಮಾದರಿಗಳ ಜೊತೆ ಹೋಲಿಸಿ ದೀಪ ಹಚ್ಚುತ್ತದೆ. ಹಸಿರು ಬಂದರೆ ಪಾಠ ಅರ್ಥವಾಗಿದೆ. ಹಳದಿ ಬಂದರೆ ಗೊಂದಲ. ಕೆಂಪು ಬಂದರೆ ಹುಡುಗ ಬೆಂಚಿನಲ್ಲಿದ್ದಾನೆ, ಮನಸ್ಸು ಕ್ರಿಕೆಟ್ ಮೈದಾನದಲ್ಲಿದೆ. ಹಸಿರು ಹತ್ತಿದಾಗ ಪಟ್ಟಿ ಜುಂ ಎಂದು ಒಂದು ಸಣ್ಣ ಕಂಪನ ಕೊಡುತ್ತದೆ, ಯಾರೋ ಭೇಷ್ ಎಂದು ಬೆನ್ನು ತಟ್ಟಿದ ಹಾಗೆ. ಆ ಜುಂ ಮಕ್ಕಳಿಗೆ ಎಷ್ಟು ಹಿಡಿಸಿತ್ತೆಂದರೆ, ಭಾನುವಾರ ಬಂದರೆ ಬೇಜಾರು ಎನ್ನುವ ಮಕ್ಕಳನ್ನು ನಾನು ಮೊದಲ ಸಲ ನೋಡಿದ್ದೇ ಆಗ.

ನನ್ನ ಹೆಸರು ಶಶಿರೇಖಾ. ಮಾದಲಾಪುರದ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ನನ್ನ ಸೇವೆಯುದ್ದಕ್ಕೂ ನನ್ನನ್ನು ಗೋಳು ಹೊಯ್ದುಕೊಂಡದ್ದು ಒಂದೇ ಸಂಗತಿ. ಪಾಠ ಮುಗಿಸಿ “ಅರ್ಥ ಆಯ್ತೇನ್ರೋ?” ಎಂದು ಕೇಳುತ್ತೇನೆ. “ಆಯ್ತು ಮಿಸ್” ಎಂದು ಇಡೀ ತರಗತಿ ರಾಗ ಎಳೆಯುತ್ತದೆ. ಆ ರಾಗವನ್ನು ನಂಬಿ ಪರೀಕ್ಷೆಯ ಉತ್ತರಪತ್ರಿಕೆ ತಿದ್ದಲು ಕುಳಿತರೆ ತಲೆ ಚಚ್ಚಿಕೊಳ್ಳಬೇಕೆನಿಸುತ್ತದೆ. ಇನ್ನು ಮೇಲೆ ಮಕ್ಕಳ ಬಾಯಿ ನಂಬಬೇಕಾಗಿಲ್ಲ, ಹಣೆ ನೋಡಿದರೆ ಸಾಕು ಎಂದು ನಾನು ಕುಣಿದದ್ದು ಅದಕ್ಕೇ.

ಆದೇಶದ ಕೊನೆಯಲ್ಲಿ ಇನ್ನೊಂದು ಮಾತಿತ್ತು. ಒಂಬತ್ತನೇ ತರಗತಿಯ ಮಕ್ಕಳ ದೀಪಗಳನ್ನು ಜಿಲ್ಲಾ ಕೇಂದ್ರ ವರ್ಷವಿಡೀ ಗಮನಿಸುತ್ತದೆ. ಹಸಿರು ಹೆಚ್ಚಿರುವವರು ಹತ್ತನೇ ತರಗತಿಯಲ್ಲಿ ವಿಜ್ಞಾನ ವಿಭಾಗಕ್ಕೆ ಹೋಗುತ್ತಾರೆ. ಹಳದಿ ಹೆಚ್ಚಿರುವವರು ಕೌಶಲ ವಿಭಾಗಕ್ಕೆ ಹೋಗುತ್ತಾರೆ, ಅಲ್ಲಿ ಹೊಲಿಗೆ, ಮೊಬೈಲ್ ರಿಪೇರಿ ಕಲಿಸುತ್ತಾರೆ, ಅಲ್ಲಿಂದ ಮುಂದೆ ವಿಜ್ಞಾನ ಓದಲು ದಾರಿಯಿಲ್ಲ. ಅರ್ಥವಾಗದ್ದನ್ನು ಹೇರಿ ಮಕ್ಕಳಿಗೆ ಹಿಂಸೆ ಕೊಡಬಾರದು ಎಂಬುದು ಅದರ ಉದ್ದೇಶವಂತೆ. ಓದಿದಾಗ ಕರುಣೆಯ ಮಾತಿನಂತೆಯೇ ಇತ್ತು.

ಆ ವರ್ಷ ನನ್ನ ಒಂಬತ್ತನೇ ತರಗತಿ ಹಸಿರು ಗದ್ದೆಯಾಗಿತ್ತು. ಅದರ ನಡುವೆ ಯಾವಾಗ ನೋಡಿದರೂ ಹಳದಿಯಾಗಿ ಉರಿಯುತ್ತಿದ್ದದ್ದು ಇಂಪನಾಳ ದೀಪ. ಬಸ್ ನಿಲ್ದಾಣದ ಹಿಂದಿನ ಹಿಟ್ಟಿನ ಗಿರಣಿ ಕೆಂಪರಾಜುವಿನ ಮಗಳು. ಹುಡುಗಿ ದಡ್ಡಿಯೋ ಜಾಣೆಯೋ ಎಂದು ನನಗೆ ಹೇಳಲು ಬರುತ್ತಿರಲಿಲ್ಲ. ಅವಳು ಏನಾಗಬೇಕು ಎಂದುಕೊಂಡಿದ್ದಾಳೆ ಎಂಬುದು ಮಾತ್ರ ಇಡೀ ಶಾಲೆಗೆ ಗೊತ್ತಿತ್ತು. “ಆಕಾಶಕ್ಕೆ ಬಿಡ್ತಾರಲ್ಲ ಉಪಗ್ರಹ, ಅದಕ್ಕೆ ವೈರಿಂಗ್ ಮಾಡೋರು ಇರ್ತಾರಲ್ಲ ಮಿಸ್? ನಾನು ಅವರಾಗ್ಬೇಕು” ಎಂದು ಎಂಟನೇ ತರಗತಿಗೆ ಸೇರಿದಾಗಿನಿಂದ ಹೇಳಿಕೊಂಡು ಬಂದವಳು. ಹುಡುಗರು ಅವಳನ್ನು ‘ವೈರಮ್ಮ’ ಎಂದು ರೇಗಿಸುತ್ತಿದ್ದರು. ಅವಳಿಗೆ ಅದರಿಂದ ಸಂತೋಷವೇ.

ವಿದ್ಯುತ್ ಪಾಠ ಶುರುವಾದ ದಿನ ನಾನು ಗೋಡೆಯ ದೊಡ್ಡ ಪರದೆಯನ್ನು ಆರಿಸಿ, ಮೇಜಿನ ಮೇಲೆ ನಿಜವಾದ ವೈರು, ಬ್ಯಾಟರಿ, ಬಲ್ಬು ಜೋಡಿಸಿದೆ. ಪರದೆಯ ಚಿತ್ರದಲ್ಲಿ ಎಲ್ಲವೂ ತಪ್ಪದೆ ನಡೆಯುತ್ತದೆ, ಅದಕ್ಕೇ ನನಗೆ ಅದರ ಮೇಲೆ ಸ್ವಲ್ಪ ಅನುಮಾನ. ಕರೆಂಟು ಅಳೆಯುವ ಮೀಟರು ಎರಡಿದ್ದವು. ಒಂದನ್ನು ಬಲ್ಬಿಗಿಂತ ಮುಂಚೆ, ಇನ್ನೊಂದನ್ನು ಬಲ್ಬಿನ ನಂತರ ಸಿಕ್ಕಿಸಿದೆ. ಸ್ವಿಚ್ಚು ಒತ್ತಿದೆ. ಬಲ್ಬು ಹತ್ತಿತು, ಎರಡು ಮುಳ್ಳುಗಳೂ ಒಂದೇ ಅಂಕೆಯ ಮೇಲೆ ಬಂದು ನಿಂತವು. “ನೋಡಿದ್ರಾ, ಎರಡೂ ಕಡೆ ಒಂದೇ. ಸರಳ ಮಂಡಲದಲ್ಲಿ ಕರೆಂಟು ಎಲ್ಲಾ ಕಡೆ ಸಮ” ಎಂದೆ. ಹಣೆಗಳು ಟಕಟಕನೆ ಹಸಿರಾದವು.

ಇಂಪನಾ ಎದ್ದು ನಿಂತಳು. “ಮಿಸ್, ಬಲ್ಬಿಗೆ ಮುಂಚೆನೂ ಅಷ್ಟೇ, ಆಮೇಲೂ ಅಷ್ಟೇ. ಒಂಚೂರೂ ಕಮ್ಮಿ ಆಗ್ಲಿಲ್ಲ. ಮತ್ತೆ ಬಲ್ಬು ಉರೀತಿರೋದು ಏನನ್ನ ತಿಂದು?”

“ಶಕ್ತಿಯನ್ನ.”

“ಆ ಶಕ್ತೀನ ಹೊತ್ಕೊಂಡು ಬಂದಿದ್ದು ಕರೆಂಟೇ ಅಲ್ವಾ ಮಿಸ್?”

“ಹೌದು.”

“ಹೊರೆ ಇಳಿಸಿದೋನು ಹಗುರಾಗಿ ಓಡ್ಬೇಕಲ್ವಾ? ಇದು ಹೊರೆ ಇದ್ದಾಗ್ಲೂ ಅಷ್ಟೇ, ಇಳಿಸಿದ್ಮೇಲೂ ಅಷ್ಟೇ. ಒಂದೇ ಸಮ ಹೋಗುತ್ತೆ. ಯಾಕೆ ಮಿಸ್?”

ನಾನು ಬೋರ್ಡಿನ ಮೇಲೆ ‘ವಿಭವಾಂತರ’, ಅಂದರೆ ವೋಲ್ಟೇಜಿನ ವ್ಯತ್ಯಾಸ, ಎಂದು ಬರೆದೆ. ಪಕ್ಕದಲ್ಲಿ ಸೂತ್ರ ಬರೆದೆ. ಗೀಟು ಎಳೆದು ಬಾಕ್ಸು ಹಾಕಿದೆ. ಉಳಿದವರೆಲ್ಲ ಬರೆದುಕೊಂಡರು. ಅವಳು ಬರೆದುಕೊಳ್ಳಲಿಲ್ಲ. “ಅದು ಅದ್ರ ಹೆಸರು ಮಿಸ್. ನಾನು ಹೆಸರು ಕೇಳ್ಲಿಲ್ಲ” ಎಂದಳು. ನನಗೆ ಸಿಟ್ಟು ಬಂತು. ಕುಳಿತುಕೋ ಎಂದೆ. ಕುಳಿತಳು. ದೀಪ ಹಳದಿಯಾಗಿಯೇ ಇತ್ತು.

ಸಿಟ್ಟು ಯಾಕೆ ಬಂತೆಂದು ಸ್ಟಾಫ್ ರೂಮಿನಲ್ಲಿ ಕಾಫಿ ಕುಡಿಯುವಾಗ ಗೊತ್ತಾಯಿತು. ಲೆಕ್ಕ ಮಾಡಿ ತೋರಿಸು ಎಂದರೆ ನಾನು ನಿದ್ದೆಯಲ್ಲೂ ಮಾಡಿಯೇನು. ಆದರೆ ಆ ಹುಡುಗಿ ಕಣ್ಣ ಮುಂದೆ ಇಟ್ಟುಕೊಂಡು ನೋಡುತ್ತಿದ್ದದ್ದು ನನಗೆ ಕಾಣುತ್ತಿರಲಿಲ್ಲ. ಅವಳ ಗೊಂದಲ ನನಗೂ ಅಂಟಿಕೊಂಡಿತ್ತು.

ಮುಖ್ಯೋಪಾಧ್ಯಾಯರಾದ ಪುಟ್ಟಮಾದಯ್ಯನವರು ನನ್ನನ್ನು ಕರೆಸಿದ್ದು ಅದಾದ ಸ್ವಲ್ಪ ದಿನಕ್ಕೆ. ಒಳ್ಳೆಯ ಮನುಷ್ಯ. ಆದರೆ ಮೇಲಿನಿಂದ ಒಂದು ಫೋನು ಬಂದರೆ ಶರ್ಟಿನ ಮೇಲಿನ ಗುಂಡಿ ಹಾಕಿಕೊಂಡೇ ಮಾತಾಡುವವರು.

“ಶಶಿರೇಖಾ ಮೇಡಂ, ಆ ಗಿರಣಿ ಹುಡುಗಿದು ಸತತ ಹಳದಿ ಬರ್ತಿದೆಯಂತೆ. ಜಿಲ್ಲಾ ಕೇಂದ್ರದೋರು ಕೌಶಲ ವಿಭಾಗಕ್ಕೆ ಹಾಕಿ ಅಂತಿದಾರೆ. ನಾನೇ ಗೋಗರೆದು ಒಂದು ಮರುಪರಿಶೀಲನೆ ಒಪ್ಪಿಸ್ದೆ. ಸಂಕ್ರಾಂತಿ ಕಳೆದ ಮೇಲೆ ಅಧಿಕಾರಿ ಬರ್ತಾರೆ. ಅವರ ಎದುರಿಗೆ ಅವಳಿಗೊಂದು ಪಾಠ ಮಾಡ್ಬೇಕು. ಕೊನೇಲಿ ಹಸಿರು ಬಂದ್ರೆ ಉಳ್ಕೊಂಡ್ಳು. ಬರ್ಲಿಲ್ಲ ಅಂದ್ರೆ ನನ್ ಕೈಲೂ ಏನಿಲ್ಲ, ನಿಮ್ ಕೈಲೂ ಏನಿಲ್ಲ.”

“ಯಾವ ಪಾಠ ಸಾರ್?”

“ಎಲ್ಲಿ ಹಳದಿ ಜಾಸ್ತಿ ಇದೆಯೋ ಅದೇ. ವಿದ್ಯುತ್ತು.”

ನಾನು ಕಪಾಟಿನಲ್ಲಿದ್ದ ಹೆಚ್ಚುವರಿ ಪಟ್ಟಿಯೊಂದನ್ನು ಕೇಳಿ ಪಡೆದು ಮನೆಗೆ ತಂದೆ. ಪಾಠವನ್ನು ಹತ್ತಾರು ಬಗೆಯಲ್ಲಿ ಹೇಳಿ ನೋಡಿ, ಯಾವ ಬಗೆಗೆ ಹಸಿರು ಬೇಗ ಬರುತ್ತದೋ ಅದನ್ನು ಹಿಡಿಯೋಣ ಎಂಬುದು ನನ್ನ ಲೆಕ್ಕ. ಮನೆಯಲ್ಲಿ ಸಿಗುವ ವಿದ್ಯಾರ್ಥಿ ಒಬ್ಬರೇ, ನನ್ನ ಯಜಮಾನರು ಜಯದೇವ. ಅವರು ಅಡುಗೆಮನೆಯ ನೆಲದಲ್ಲಿ ಕಾಲು ಚಾಚಿ ಕುಳಿತು ನೆನೆಸಿದ ಅವರೆಕಾಳು ಹಿಚುಕುತ್ತಿದ್ದರು. ಪಟ್ಟಿ ಕಟ್ಟಿದರೆ ಬೇಡವೆನ್ನಲಿಲ್ಲ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ಬೇಡವೆಂದದ್ದು ಕಡಿಮೆ.

ಸಾರಿಗೆ ಒಗ್ಗರಣೆ ಹಾಕುತ್ತಲೇ ಪಾಠ ಶುರುಮಾಡಿದೆ. ವಿಭವಾಂತರವನ್ನು ನೀರಿನ ಟ್ಯಾಂಕಿಗೆ ಹೋಲಿಸಿದೆ. ತಿರುಗಿ ನೋಡಿದರೆ ಕೆಂಪು ದೀಪ. ದನಿ ಏರಿಸಿದೆ. ಹಳದಿಗೆ ಬಂತು. ಕೊನೆಗೆ ಅಭ್ಯಾಸಬಲದಿಂದ, “ಅರ್ಥ ಆಯ್ತಾ?” ಎಂದು ಕೇಳಿದೆ.

“ಆಯ್ತು ಕಣೇ, ಆಯ್ತು” ಎಂದರು. ಹಣೆಯ ಮೇಲೆ ಅಚ್ಚ ಹಸಿರು ಬೆಳಗಿತು.

“ಏನು ಅರ್ಥ ಆಯ್ತು ಹೇಳಿ ನೋಡೋಣ?”

“ಅದೇ, ಕರೆಂಟು.”

“ಕರೆಂಟು ಏನು?”

“ಹೋಗುತ್ತೆ. ಬರುತ್ತೆ.”

ನನಗೆ ಏನೋ ಹೊಳೆದಂತಾಯಿತು. ಗಂಭೀರವಾಗಿ ಹೇಳಿದೆ: “ಹೌದು. ಅದಕ್ಕೇ ಹುಣಸೆಹಣ್ಣು ನೆನೆಹಾಕಿ ಆ ನೀರನ್ನ ಮೀಟರಿಗೆ ಹೊಯ್ದರೆ ಬಲ್ಬು ಬೆಲ್ಲ ಆಗುತ್ತೆ. ಅರ್ಥ ಆಯ್ತಾ?”

“ಆಯ್ತು.” ಮತ್ತೆ ಹಸಿರು. ಪಟ್ಟಿ ಜುಂ ಎಂದಿತು. ಅವರು ಅವರೆಕಾಳಿನ ಕೈಯಲ್ಲೇ ಹಣೆ ಮುಟ್ಟಿಕೊಂಡು ನಕ್ಕರು. “ಚೆನ್ನಾಗಿದೆ ಕಣೇ ಇದು. ದಿನಾ ಹಾಕ್ಕೋಬಹುದಾ?”

ಪಟ್ಟಿ ಬಿಚ್ಚಿ ನಾನೇ ಕಟ್ಟಿಕೊಂಡೆ. ಸ್ಟೀಲ್ ತಟ್ಟೆಯನ್ನು ಕನ್ನಡಿಯಂತೆ ಹಿಡಿದು ಇಂಪನಾಳ ಪ್ರಶ್ನೆಯನ್ನು ಯೋಚಿಸಿದೆ. ತಟ್ಟೆಯಲ್ಲಿ ಹಳದಿ ಚುಕ್ಕೆ ಕಂಡಿತು. ಸೂತ್ರ ನೆನಪಿಸಿಕೊಂಡೆ, ಹಳದಿ. ಪಾಠಪುಸ್ತಕದ ಸಾಲನ್ನು ಮನಸ್ಸಿನಲ್ಲೇ ಓದಿದೆ, ಹಳದಿ. ಹೋಗಲಿ, ಇನ್ನು ಊಟಕ್ಕೆ ಹಾಕೋಣ ಎಂದುಕೊಂಡೆ. ಜುಂ ಎಂದು ಹಸಿರಾಯಿತು.

ಮಾರನೆಯ ದಿನ ರಜೆ ಹಾಕಿ ಜಿಲ್ಲಾ ಕೇಂದ್ರಕ್ಕೆ ಬಸ್ಸು ಹತ್ತಿದೆ. ಕಂಟ್ರೋಲ್ ರೂಮು ಎಂದರೆ ದೊಡ್ಡ ಹಜಾರ, ತಣ್ಣಗೆ ಕೊರೆಯುವ ಏಸಿ, ಗೋಡೆಯ ತುಂಬ ಪರದೆ. ಪರದೆಯಲ್ಲಿ ಜಿಲ್ಲೆಯ ಪ್ರತಿ ಶಾಲೆ, ಶಾಲೆಯೊಳಗೆ ಪ್ರತಿ ತರಗತಿ, ತರಗತಿಯೊಳಗೆ ಪ್ರತಿ ಮಗು ಒಂದು ಚುಕ್ಕೆ. ನೋಡಲು ಕಣ್ಣಿಗೆ ತಂಪಾಗಿತ್ತು. ಅಲ್ಲಿನ ಎಂಜಿನಿಯರ್ ಮುಕುಂದ ಎಂಬಾತ ನನ್ನ ಮಗನ ವಯಸ್ಸಿನವನು, ಮರ್ಯಾದಸ್ಥ. ಕುರ್ಚಿ ಎಳೆದು ಕೊಟ್ಟು ಟೀ ತರಿಸಿದ. ನಾನು ಹುಣಸೆಹಣ್ಣಿನ ಕಥೆ ಹೇಳಿದೆ. ಅವನು ನಗುತ್ತಾನೆ ಎಂದುಕೊಂಡಿದ್ದೆ, ನಗಲಿಲ್ಲ.

“ಯಂತ್ರಕ್ಕೆ ಅರ್ಥ ಆಗೋದು ಅಂದ್ರೆ ಏನು ಅಂತ ನೀವು ಹೇಗಪ್ಪಾ ಕಲಿಸಿದ್ರಿ?” ಎಂದು ಕೇಳಿದೆ.

“ಮಾದರಿ ತೋರಿಸಿ ಮೇಡಂ. ಶುರುವಲ್ಲಿ ನೂರಾರು ಶಾಲೆಗಳಲ್ಲಿ ಮಕ್ಕಳಿಗೆ ಪಟ್ಟಿ ಕಟ್ಟಿ ಪಾಠ ಕೇಳಿಸಿದ್ವಿ. ಪಾಠದ ಕೊನೇಲಿ ಟೀಚರು ‘ಅರ್ಥ ಆಯ್ತಾ’ ಅಂತ ಕೇಳ್ತಾರಲ್ಲ, ಆಗ ‘ಆಯ್ತು’ ಅಂದ ಮಕ್ಕಳ ಅಲೆಗಳನ್ನ ಅರ್ಥವಾದ ಮಾದರಿ ಅಂತ ತಗೊಂಡ್ವಿ. ಸುಮ್ನೆ ಕೂತಿದ್ದೋರ ಅಲೆಗಳು ಅರ್ಥವಾಗದ ಮಾದರಿ.”

ನನಗೆ ನಗು ಬಂತು, ಆಮೇಲೆ ಅಳು ಬಂತು, ಎರಡೂ ಪೂರ್ತಿ ಬರದೆ ಗಂಟಲಲ್ಲಿ ಟೀ ಸಿಕ್ಕಿಕೊಂಡು ಕೆಮ್ಮಿದೆ. “ನೀನು ಓದಿದ್ದು ಎಲ್ಲಿ ಮುಕುಂದ?”

“ದೆಹಲೀಲಿ ಮೇಡಂ. ಅಪ್ಪಂಗೆ ಅಲ್ಲೇ ಕೆಲಸ ಇತ್ತು. ಹನ್ನೆರಡು ಜನರ ಕ್ಲಾಸು.”

“ಅದಕ್ಕೇ. ನಮ್ಮೂರಿನ ಶಾಲೆಗಳಲ್ಲಿ ‘ಆಯ್ತು ಮಿಸ್’ ಅನ್ನೋದು ಉತ್ತರ ಅಲ್ಲಪ್ಪ. ಅದು ಒಂದು ರೂಢಿ. ಬೆಲ್ ಹೊಡೆದ ಹಾಗೆ. ಮಿಸ್, ನೀವು ಮುಗಿಸಿದ್ರಿ, ನಾವೂ ಮುಗಿಸಿದ್ವಿ, ಇನ್ನು ಬಿಡಿ ಅಂತ. ಆಗ ಆ ಮಕ್ಕಳ ತಲೇಲಿ ಏನಿರುತ್ತೆ ಗೊತ್ತಾ? ಸದ್ಯ ಮುಗೀತು ಅನ್ನೋ ನೆಮ್ಮದಿ. ನೀವು ಯಂತ್ರಕ್ಕೆ ಕಲಿಸಿರೋದು ಅದನ್ನ. ಬಿಟ್ಟುಬಿಟ್ಟ ತಲೆ ಹೇಗಿರುತ್ತೆ ಅಂತ.”

ಮುಕುಂದ ಪರದೆಯತ್ತ ಕೈ ತೋರಿಸಿದ. “ಆದ್ರೆ ಹಸಿರು ಬಂದ ಮಕ್ಕಳಿಗೆ ಪರೀಕ್ಷೇಲೂ ಚೆನ್ನಾಗಿ ಅಂಕ ಬರ್ತಿದೆ ಮೇಡಂ.”

“ಪ್ರಶ್ನೆಪತ್ರಿಕೆ ಯಾರು ಮಾಡ್ತಾರೆ?”

“ಹಸಿರು ಜಾಸ್ತಿ ಬಂದ ಪಾಠಗಳಿಂದ ಯಂತ್ರವೇ ಆರಿಸುತ್ತೆ” ಎಂದವನು ತನ್ನ ಮಾತನ್ನು ತಾನೇ ಕೇಳಿಸಿಕೊಂಡು ಟೀ ಲೋಟ ಕೆಳಗಿಟ್ಟ. ಆಮೇಲೆ ಕೇಳಿದ: “ಹಾಗಾದ್ರೆ ಹಳದಿ ಇರೋರೆಲ್ಲ ಜಾಣರು ಅಂತೀರಾ?”

“ಅಲ್ಲ. ನಿಜವಾಗಿ ಏನೂ ತಿಳೀದೆ ಒದ್ದಾಡೋರೂ ಹಳದೀನೇ.”

“ಹಸಿರು ಇರೋರೆಲ್ಲ ಬಿಟ್ಟುಬಿಟ್ಟೋರಾ?”

“ಅದೂ ಅಲ್ಲ. ಸರಿಯಾಗಿ ತಿಳ್ಕೊಂಡು ನೆಮ್ಮದಿಯಾದೋರೂ ಇರ್ತಾರೆ.”

“ಮತ್ತೆ ಎರಡನ್ನೂ ಬೇರೆ ಮಾಡೋದು ಹೇಗೆ ಮೇಡಂ? ಯಂತ್ರಕ್ಕೆ ಮತ್ತೆ ಕಲಿಸ್ಬೇಕು ಅಂದ್ರೆ, ಈ ಮಗುವಿಗೆ ನಿಜವಾಗಿ ಅರ್ಥ ಆಗಿದೆ, ಈ ಮಗುವಿಗೆ ಇಲ್ಲ ಅಂತ ಯಾರಾದ್ರೂ ಖಚಿತವಾಗಿ ಹೇಳ್ಬೇಕು. ನೀವು ಹೇಳ್ತೀರಾ?”

ನನ್ನ ತರಗತಿಯ ಒಂದೊಂದೇ ಮಗುವನ್ನು ನೆನಪಿಸಿಕೊಂಡೆ. ಯಾರ ಬಗ್ಗೆಯೂ ಎದೆ ತಟ್ಟಿ ಹೇಳಲು ಧೈರ್ಯ ಬರಲಿಲ್ಲ. ನನಗೆ ಅರ್ಥವಾಗಿದೆಯೇ ಎಂಬುದೇ ಖಚಿತವಿರಲಿಲ್ಲ, ಇನ್ನು ಬೇರೆಯವರ ಮಾತೆಲ್ಲಿ.

ಮೇಲಿನವರಿಗೆ ಬರೆಯುತ್ತೇನೆ ಎಂದ ಮುಕುಂದ. ಉತ್ತರ ಬರಲು ವರ್ಷವಾದರೂ ಬೇಕು ಎಂದೂ ಹೇಳಿದ. ಬಾಗಿಲವರೆಗೆ ಬಂದು, ದನಿ ತಗ್ಗಿಸಿ, “ಆ ಹುಡುಗೀದು ಸಂಕ್ರಾಂತಿ ಆದ್ಮೇಲೆ ಅಲ್ವಾ ಮೇಡಂ? ಹಸಿರು ಹೇಗೆ ಬರುತ್ತೆ ಅಂತ ಈಗ ನಿಮಗೆ ಗೊತ್ತಾಯ್ತಲ್ಲ” ಎಂದ. ಅದು ಸಲಹೆಯೋ ಎಚ್ಚರಿಕೆಯೋ ಬಸ್ಸಿನಲ್ಲಿ ಬರುವಾಗ ಎಷ್ಟು ಯೋಚಿಸಿದರೂ ತಿಳಿಯಲಿಲ್ಲ.

ಅದೇ ವಾರ ಕೆಂಪರಾಜು ಶಾಲೆಗೆ ಬಂದ. ಹುಬ್ಬಿನ ಮೇಲೆ, ಕಿವಿಯ ಮೇಲೆಲ್ಲ ರಾಗಿಹಿಟ್ಟು. ಒಳಗೆ ಬನ್ನಿ ಎಂದರೂ ಬರದೆ ಹೊಸಿಲ ಹೊರಗೇ ನಿಂತ.

“ಮೇಡಮ್ಮೋರೆ, ಹೆಡ್ಮಾಸ್ಟ್ರು ಎಲ್ಲಾ ಹೇಳಿದ್ರು. ಏನಾರ ಮಾಡಿ. ಮನೇಲೂ ಹಿಂಗೇಯ, ಒಂದು ಹಿಡಿದ್ರೆ ಬಿಡಾಕಿಲ್ಲ ಅವ್ಳು. ಅವರವ್ವ ಬೈದು ಬೈದು ಸಾಕಾಗವ್ಳೆ. ಆದ್ರೆ ಓದ್ಲಿ ಅಂತ ನಂಗೆ ಆಸೆ. ಆ ದೀಪ ಒಂದು ಹಸ್ರು ಮಾಡ್ಸಿಬಿಡಿ, ನಿಮ್ ಕಾಲಿಗೆ ಬೀಳ್ತೀನಿ.”

ಕಾಲಿಗೆ ಬೀಳುವುದೆಲ್ಲ ಬೇಡ ಎಂದೆ. ಹಸಿರು ಮಾಡಿಸುತ್ತೇನೆ ಎಂದೂ ಹೇಳಿಬಿಟ್ಟೆ. ಹೇಳಿದ ಮೇಲೆ ಸಮಾಧಾನವಾಯಿತೋ ಭಯವಾಯಿತೋ, ಎರಡೂ ಒಟ್ಟಿಗೆ ಆದ ಹಾಗಿತ್ತು. ಒಂದು ಕಡೆ ಯೋಚಿಸಿದರೆ ಮಾಡದೆ ಬೇರೆ ದಾರಿಯಿಲ್ಲ. ಯಂತ್ರ ತಪ್ಪು ಎಂದು ನಾನೊಬ್ಬಳು ಕೂಗಿದರೆ ಹುಡುಗಿ ಹೊಲಿಗೆ ಯಂತ್ರದ ಮುಂದೆ ಕೂರುತ್ತಾಳೆ, ಅಷ್ಟೇ. ಇನ್ನೊಂದು ಕಡೆ ಯೋಚಿಸಿದರೆ, ನಾನು ಮಾಡಹೊರಟದ್ದಕ್ಕೆ ಪಾಠ ಎನ್ನಬೇಕೋ ಬೇರೇನಾದರೂ ಅನ್ನಬೇಕೋ ಗೊತ್ತಾಗುತ್ತಿರಲಿಲ್ಲ.

ಸಂಜೆ ಶಾಲೆ ಬಿಟ್ಟ ಮೇಲೆ ಪ್ರಯೋಗಾಲಯದಲ್ಲಿ ಇಂಪನಾಳನ್ನು ಕೂರಿಸಿಕೊಂಡೆ. ಇದ್ದ ವಿಷಯ ಇದ್ದ ಹಾಗೆ ಹೇಳಿದೆ. ಅವಳು ಕಣ್ಣು ಮಿಟುಕಿಸದೆ ಕೇಳಿದಳು.

“ಅಂದ್ರೆ ಸುಳ್ಳು ಹೇಳ್ಬೇಕಾ ಮಿಸ್?”

“ಸುಳ್ಳು ಹೇಳಿದ್ರೆ ಹಸಿರು ಬರಲ್ಲ. ಅದು ಬಾಯಿ ನೋಡಲ್ಲ, ತಲೆ ನೋಡುತ್ತೆ. ನಿಜವಾಗ್ಲೂ ಪ್ರಶ್ನೆ ಬಿಡ್ಬೇಕು. ಸೊಂಟದ ಮೇಲಿನ ಬಿಂದಿಗೆ ಇಳಿಸ್ತೀವಲ್ಲ, ಹಾಗೆ.”

“ಆಮೇಲೆ?”

“ಆಮೇಲೆ ಮತ್ತೆ ಎತ್ಕೊಂಡ್ರಾಯ್ತು. ಅದೆಲ್ಲಿ ಹೋಗುತ್ತೆ?”

ಅವಳು ಒಪ್ಪಿದಳು. ನನ್ನ ಮಾತಿಗೆ ಅವಳು ಎಂದೂ ಇಲ್ಲ ಎಂದವಳಲ್ಲ, ಪಾಠದ ಮಾತೊಂದನ್ನು ಬಿಟ್ಟರೆ.

ಮೊದಮೊದಲು ಆಗಲಿಲ್ಲ. ನಾನು ಪಾಠ ಮಾಡಿ ಮುಗಿಸಿ, ಈಗ ಬಿಡು ಎನ್ನುತ್ತಿದ್ದೆ. ಅವಳು ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ, ಬಿಡಲು ಒದ್ದಾಡುತ್ತಿದ್ದಳು. ದೀಪ ಮೊದಲಿಗಿಂತ ಹೆಚ್ಚು ಹಳದಿಯಾಗುತ್ತಿತ್ತು. “ಬಿಡೋದು ಹೇಗೆ ಅಂತ ಯೋಚ್ನೆ ಮಾಡಿದ್ರೂ ಅದು ಯೋಚ್ನೇನೇ ಅಲ್ವಾ ಮಿಸ್?” ಎಂದು ಕೇಳಿದಳು. ಮನೆಗೆ ಹೋಗಿ ಏನು ತಿನ್ನುತ್ತೀಯ ಎಂದು ಯೋಚಿಸು ಎಂದೆ. ಒಂದು ಸಂಜೆ, ಯಾಕೋ ತುಂಬ ಸುಸ್ತಾಗಿದ್ದಳು, “ಅರ್ಥ ಆಯ್ತಾ?” ಎಂದೆ, “ಆಯ್ತು ಮಿಸ್” ಎಂದಳು, ಹಸಿರು ಹತ್ತಿತು. ಪಟ್ಟಿ ಜುಂ ಎಂದಾಗ ಬೆಚ್ಚಿಬಿದ್ದು ಹಣೆ ಮುಟ್ಟಿಕೊಂಡಳು. ಎಲ್ಲರೂ ವರ್ಷವಿಡೀ ಅನುಭವಿಸಿದ್ದು ಅವಳಿಗೆ ಅಂದೇ ಮೊದಲು. “ಇಷ್ಟು ಚೆನ್ನಾಗಿರುತ್ತಾ ಮಿಸ್ ಇದು?” ಎಂದು ನಕ್ಕಳು. ನಾನೂ ನಕ್ಕೆ. ಆ ನಗು ನೋಡಿ ನನಗೆ ನಿಜಕ್ಕೂ ಖುಷಿಯಾಯಿತು, ಅದನ್ನು ಮುಚ್ಚಿಡುವುದಿಲ್ಲ.

ಆಮೇಲೆ ಸಲೀಸಾಯಿತು. ದಿನೇ ದಿನೇ ಹಸಿರು ಬೇಗ ಬರತೊಡಗಿತು. ರಜೆಯಲ್ಲೂ ಅಭ್ಯಾಸ ಮಾಡಲೆಂದು ಹೆಚ್ಚುವರಿ ಪಟ್ಟಿಯನ್ನು ಅವಳ ಕೈಗೇ ಕೊಟ್ಟು ಕಳಿಸಿದೆ. ಸಂಕ್ರಾಂತಿಯ ಎಳ್ಳುಬೆಲ್ಲ ಕೊಡಲು ಮನೆಗೆ ಬಂದವಳು, “ಮಿಸ್, ಈಗ ನಾನು ಶುರುವಲ್ಲೇ ಹಸಿರು ತರಿಸ್ತೀನಿ, ನೀವು ಕೇಳೋದೇ ಬೇಡ” ಎಂದಳು. ಜಯದೇವ ಭಲೇ ಎಂದರು.

ಅಧಿಕಾರಿಣಿ ಬಂದ ದಿನ ಪುಟ್ಟಮಾದಯ್ಯನವರು ಬೆಳಗ್ಗೆಯಿಂದಲೇ ಮೇಲಿನ ಗುಂಡಿ ಹಾಕಿಕೊಂಡಿದ್ದರು. ಜೊತೆಯಲ್ಲಿ ಮುಕುಂದನೂ ಬಂದಿದ್ದ. ಕೆಂಪರಾಜು ಕಿಟಕಿಯ ಹೊರಗೆ, ಸ್ನಾನ ಮಾಡಿ ಬಿಳಿ ಶರ್ಟು ಹಾಕಿಕೊಂಡು ನಿಂತಿದ್ದ. ನಾನು ಅದೇ ಬ್ಯಾಟರಿ, ಅದೇ ಬಲ್ಬು, ಅದೇ ಎರಡು ಮೀಟರು ಜೋಡಿಸಿದೆ. ಎರಡೂ ಮುಳ್ಳುಗಳು ಒಂದೇ ಅಂಕೆಗೆ ಬಂದವು. ಇಂಪನಾಳ ದೀಪ ಹಸಿರಾಗಿಯೇ ಇತ್ತು, ಪಾಠದ ಮೊದಲಿನಿಂದ ಕೊನೆಯವರೆಗೆ ಒಮ್ಮೆಯೂ ಅಲುಗಲಿಲ್ಲ. ಅಧಿಕಾರಿಣಿ ಪ್ರೀತಿಯಿಂದಲೇ ಕೇಳಿದರು, “ಏನಾದ್ರೂ ಕೇಳೋದಿದೆಯೇನಮ್ಮಾ? ಹೆದರ್ಕೋಬೇಡ.”

“ಏನೂ ಇಲ್ಲ ಮೇಡಂ.”

ಅವರು ಇಂಪನಾಳ ಬೆನ್ನು ತಟ್ಟಿ, ವಿಜ್ಞಾನ ವಿಭಾಗ ಎಂದು ಬರೆದು ಸಹಿ ಹಾಕಿದರು. ಹೊರಗೆ ಕೆಂಪರಾಜು ಟವೆಲಿನಿಂದ ಕಣ್ಣು ಒರೆಸಿಕೊಂಡ. ಪುಟ್ಟಮಾದಯ್ಯನವರು ಎಲ್ಲರಿಗೂ ಬರ್ಫಿ ಹಂಚಿಸಿದರು. ನಾನೂ ತಿಂದೆ. ಮುಕುಂದ ಮಾತ್ರ ಬರ್ಫಿಯನ್ನು ಕೈಯಲ್ಲೇ ಹಿಡಿದುಕೊಂಡು ಜೀಪು ಹತ್ತಿದ. ನನ್ನ ಕಡೆ ನೋಡಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ನಾನು ನೆಮ್ಮದಿಯಾಗಿರುತ್ತಿದ್ದೆ.

ಮುಂದಿನ ಭಾನುವಾರ ಬೆಳಗ್ಗೆ ರಾಗಿ ಬೀಸಿಸಲು ಗಿರಣಿಗೆ ಹೋದೆ. ಸಾಮಾನ್ಯವಾಗಿ ಜಯದೇವರೇ ಹೋಗುತ್ತಿದ್ದರು, ಅಂದು ಅವರಿಗೆ ಮಂಡಿನೋವು. ಗಿರಣಿಯೊಳಗೆ ಹಿಟ್ಟಿನ ಘಮ, ಕಿವಿ ತೂತಾಗುವ ಸದ್ದು. ಕೆಂಪರಾಜು ನನ್ನನ್ನು ಕಂಡು ಚೀಲವೊಂದನ್ನು ಕೊಡವಿ ಹಾಸಿ ಕೂರಿಸಿದ, ನನ್ನ ರಾಗಿಯನ್ನು ಎಲ್ಲರಿಗಿಂತ ಮೊದಲು ಸುರಿದ. ನಾನು ಸುಮ್ಮನೆ ಅತ್ತ ಇತ್ತ ನೋಡುತ್ತಿದ್ದೆ. ಮೂಲೆಯಲ್ಲಿ ಮೋಟಾರು. ಈಚೆಗೆ ಬೀಸುವ ಕಲ್ಲು. ಎರಡರ ಚಕ್ರಕ್ಕೂ ಸುತ್ತಿಕೊಂಡು ಓಡುತ್ತಿರುವ ಉದ್ದನೆ ಬೆಲ್ಟು.

ಬೆಲ್ಟು ಮೋಟಾರಿನಿಂದ ಕಲ್ಲಿಗೆ ಬರುತ್ತಿತ್ತು, ಕಲ್ಲಿನಿಂದ ಮೋಟಾರಿಗೆ ಹೋಗುತ್ತಿತ್ತು. ಎಷ್ಟು ಬೆಲ್ಟು ಬಂತೋ ಅಷ್ಟೇ ವಾಪಸ್ಸು. ಒಂದು ಗೇಣೂ ಕಲ್ಲಿನಲ್ಲಿ ಉಳಿಯುತ್ತಿರಲಿಲ್ಲ. ಬರುವಾಗಲೂ ಹೋಗುವಾಗಲೂ ಒಂದೇ ವೇಗ, ಏಕೆಂದರೆ ಇಡೀ ಬೆಲ್ಟು ಒಂದೇ, ಒಂದು ಕಡೆ ನಿಧಾನ ಒಂದು ಕಡೆ ಜೋರು ಓಡಲು ಅದಕ್ಕೆ ಸಾಧ್ಯವೇ ಇಲ್ಲ. ಆದರೂ ರಾಗಿ ಹಿಟ್ಟಾಗುತ್ತಿತ್ತು. ಮತ್ತೆ ನೋಡಿದೆ. ಎರಡು ಪಕ್ಕಗಳೂ ಒಂದೇ ಥರ ಇರಲಿಲ್ಲ. ಮೋಟಾರು ಎಳೆಯುತ್ತಿದ್ದ ಪಕ್ಕ ಬಿಗಿಯಾಗಿ ಸೆಟೆದಿತ್ತು. ಇನ್ನೊಂದು ಪಕ್ಕ ಸಡಿಲವಾಗಿ ಜೋಲುತ್ತಿತ್ತು. ಓಟ ಸಮ, ಬಿಗಿ ಬೇರೆ. ಆ ಬಿಗಿಯ ವ್ಯತ್ಯಾಸವೇ ಕಲ್ಲು ತಿರುಗಿಸುತ್ತಿತ್ತು. ಕರೆಂಟು ಸಮ, ವಿಭವ ಬೇರೆ. ಹೊರೆ ಹೊತ್ತು ಓಡುವವರು ಅಲ್ಲಿ ಯಾರೂ ಇರಲೇ ಇಲ್ಲ.

ನನ್ನ ಮೈ ಜುಮ್ಮೆಂದಿತು. ಇಷ್ಟು ವರ್ಷ ಬೋರ್ಡಿನ ಮೇಲೆ ಬರೆದು ಬಾಕ್ಸು ಹಾಕಿದ ಪದವನ್ನು ನಾನು ಮೊದಲ ಸಲ ಕಣ್ಣಾರೆ ಕಂಡಿದ್ದೆ. ಅದನ್ನು ನನಗೆ ಕಾಣಿಸಿದ್ದು ಆ ಹುಡುಗಿಯ ಹಟ. ನಾನು ಎದ್ದು ಹೋಗಿ ಹಿಂದಿನ ಕೋಣೆಯಲ್ಲಿ ಹೋಂವರ್ಕ್ ಮಾಡುತ್ತಿದ್ದ ಇಂಪನಾಳ ರಟ್ಟೆ ಹಿಡಿದು ಎಳೆದುಕೊಂಡೇ ಬಂದೆ.

“ನೋಡೇ ಇಲ್ಲಿ, ನಿನ್ ಪ್ರಶ್ನೆಗೆ ಉತ್ತರ ಸಿಕ್ತು! ನಿಮ್ಮನೇಲೇ ಇತ್ತು!” ಗಿರಣಿಯ ಸದ್ದಿನಲ್ಲಿ ಕೂಗಿ ಕೂಗಿ ಹೇಳಿದೆ. ಬಿಗಿ ಪಕ್ಕ ತೋರಿಸಿದೆ, ಸಡಿಲ ಪಕ್ಕ ತೋರಿಸಿದೆ. ಹಿಟ್ಟು ತೋರಿಸಿದೆ. ರಾಗಿ ತಂದಿದ್ದ ಹೆಂಗಸರು ಟೀಚರಮ್ಮನಿಗೆ ಏನಾಯಿತು ಎಂದು ನೋಡುತ್ತ ನಿಂತರು.

ಇಂಪನಾ ಬೆಲ್ಟು ನೋಡಿದಳು. ತಲೆಯಾಡಿಸಿದಳು. “ಚೆನ್ನಾಗಿದೆ ಮಿಸ್” ಎಂದಳು.

“ಚೆನ್ನಾಗಿದೆ ಅಷ್ಟೇನಾ? ನೀನೇ ಕೇಳಿದ್ದಲ್ವಾ, ಬಲ್ಬಿಗೆ ಮುಂಚೆನೂ ಅಷ್ಟೇ, ಆಮೇಲೂ ಅಷ್ಟೇ, ಮತ್ತೆ ಉರಿಯೋದು ಏನನ್ನ ತಿಂದು ಅಂತ?”

“ಹೌದು ಮಿಸ್, ಕೇಳಿದ್ದೆ. ನೆನಪಿದೆ.”

“ಈಗ ಅದನ್ನ ಮತ್ತೆ ಎತ್ಕೋ. ಪರಿಶೀಲನೆ ಮುಗೀತಲ್ಲ.”

ಅವಳು ಪ್ರಯತ್ನಪಟ್ಟಳು, ಅದು ನನಗೆ ಕಾಣಿಸಿತು. ಬರಿಯ ಹಣೆ, ಪಟ್ಟಿಯಿಲ್ಲ, ದೀಪವಿಲ್ಲ. ಬೆಲ್ಟನ್ನು ನೋಡಿದಳು, ನನ್ನನ್ನು ನೋಡಿದಳು, ತನ್ನ ಅಂಗೈ ನೋಡಿಕೊಂಡಳು. ಆಮೇಲೆ ಸ್ವಲ್ಪ ಸಂಕೋಚದಿಂದ, ಮೇಷ್ಟರ ಮುಂದೆ ಪಾಠ ಮರೆತವರ ಹಾಗೆ ಹೇಳಿದಳು.

“ಮಿಸ್, ಆ ಮಾತೆಲ್ಲ ನೆನಪಿದೆ. ಆದ್ರೆ ಎರಡೂ ಕಡೆ ಸಮ ಇದ್ರೆ ಸಮ ಇರುತ್ತೆ, ಬಲ್ಬು ಉರಿದ್ರೆ ಉರಿಯುತ್ತೆ. ಅದ್ರಲ್ಲಿ ಕೇಳೋಕೆ ಏನಿತ್ತು ಮಿಸ್?”

ಅವಳು ತಮಾಷೆ ಮಾಡುತ್ತಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳುತ್ತಿದ್ದಳು. ಉತ್ತರ ಕೊಡುವುದು ಹೇಗೆಂದು ನಾನು ಎಷ್ಟೋ ತರಬೇತಿ ಮುಗಿಸಿದವಳು. ಕಿತ್ತುಕೊಂಡ ಪ್ರಶ್ನೆಯನ್ನು ಒಂದು ಮಗುವಿಗೆ ವಾಪಸ್ಸು ಕೊಡುವುದು ಹೇಗೆಂದು ಯಾರನ್ನು ಕೇಳಲಿ?

“ಕೂತ್ಕೋ” ಎಂದು ಅವಳನ್ನು ರಾಗಿ ಚೀಲದ ಮೇಲೆ ಕೂರಿಸಿದೆ. ಎದುರಿಗೆ ನಾನೂ ಕುಳಿತೆ. “ಹೊರೆ ಹೊತ್ಕೊಂಡ ಒಬ್ಬ ಮನುಷ್ಯ ಇದಾನೆ ಅಂದ್ಕೋ. ಹೊರೆ ಇಳಿಸ್ದ. ಈಗ ಅವನು ಹಗುರಾಗಿ ಓಡ್ಬೇಕೋ ಬೇಡ್ವೋ?”

“ಓಡ್ಬೇಕು ಮಿಸ್.”

“ಓಡ್ತಿಲ್ಲ. ಮುಂಚೆ ಹೆಂಗೆ ನಡೀತಿದ್ನೋ ಹಂಗೇ ನಡೀತಿದಾನೆ. ನಿಂಗೆ ಏನನ್ಸುತ್ತೆ?”

ಅವಳು ನನ್ನ ಮುಖವನ್ನೇ ನೋಡುತ್ತ, ತಾನು ಏನು ಹೇಳಿದರೆ ನಾನು ಒಪ್ಪುತ್ತೇನೆ ಎಂದು ಹುಡುಕುತ್ತಿದ್ದಳು.

“ಏನೂ ಅನ್ಸಲ್ಲ ಮಿಸ್” ಎಂದಳು, ನನಗೆ ಬೇಜಾರಾಗಬಾರದೆಂದು ತುಂಬ ಮೆಲ್ಲಗೆ.